ದೊಡ್ಡಮ್ಮನ ಮನೆಯ ಬೆಲೆ

ಮನೆ ಕೊಂಡು, ರಿಪೇರಿ ಮಾಡಿಸಿ, ಮಾರುವ ವ್ಯಾಪಾರಕ್ಕೆ ಅವನು ಹೊಸಬ. ಮೊದಲ ಬೇಟೆಗೆ ದೂರ ಹೋಗುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಮಂಡಿನೋವಿನ ದೊಡ್ಡಮ್ಮ ಮೆಟ್ಟಿಲು ಹತ್ತಲಾಗದೆ ಮನೆ ಮಾರುವ ಮಾತೆತ್ತಿದ್ದೇ ತಡ, ಟೇಪು ಹಿಡಿದು ಬಂದಿಳಿದ.

ಲೆಕ್ಕದ ಕ್ರಮವನ್ನು ತರಬೇತಿಯಲ್ಲಿ ಕಲಿತಿದ್ದ. ಮಾರಿದರೆ ಎಷ್ಟು ಬರುತ್ತದೋ ನೋಡು, ಅದರಲ್ಲಿ ರಿಪೇರಿ ಖರ್ಚು ಕಳೆ, ನಿನ್ನ ಲಾಭ ಕಳೆ, ಉಳಿದದ್ದೇ ಕೊಳ್ಳುವ ಬೆಲೆ. ತನ್ನ ಲಾಭವನ್ನು ಧಾರಾಳವಾಗಿಯೇ ಹಿಡಿದು ಕಳೆದು ನೋಡಿದ. ತಾರಸಿ ಗಟ್ಟಿ, ಪೈಪು ಹೊಸದು, ಗೋಡೆಯಲ್ಲೊಂದು ಕೂದಲೆಳೆಯ ಬಿರುಕು, ಅದೂ ಬರೀ ಗಾರೆಯದು. ಇಂಥ ಮನೆಗೆ ಇವನ ಬೆಲೆ ಹೇಳಿದರೆ ಯಾರಾದರೂ ಮುಖಕ್ಕೆ ಉಗಿದಾರು. ಬೆಲೆ ಏರಿಸಲು ಅವನಿಗೆ ಮನಸ್ಸಿಲ್ಲ. ಹಾಗಾದರೆ ಮನೆಯನ್ನೇ ಇಳಿಸಬೇಕು.

ಗೋಡೆ ಕುಟ್ಟಿ, ಕಿವಿಯಿಟ್ಟು, ಮುಖ ಸಪ್ಪಗೆ ಮಾಡಿಕೊಂಡ.

"ಹೇಗೆ ಹೇಳ್ಲಿ ದೊಡ್ಡಮ್ಮ? ಪಾಯಾನೇ ಕುಸೀತಿದೆ."

"ಹೌದೇನೋ? ಗೊತ್ತೇ ಆಗ್ಲಿಲ್ವಲ್ಲ."

"ನಿಂಗೆ ಹೇಗೆ ಗೊತ್ತಾಗುತ್ತೆ? ಬೇರೆಯವರು ಮೂಸಿ ಕೂಡ ನೋಡಲ್ಲ. ನಾನಾದ್ರೆ ಹೇಗೋ ಸುಧಾರಿಸ್ತೀನಿ."

ಹೊಲಿಗೆ ಮಿಷನ್ ತುಳಿದು ತುಳಿದು ಆಕೆ ಕಟ್ಟಿಸಿದ ಮನೆ ಅದು. ಅವನು ಹೇಳಿದ ಬೆಲೆಗೇ ಸಹಿ ಹಾಕಿ, ಎದುರು ಸಾಲಿನ ಬಾಡಿಗೆ ಕೋಣೆಗೆ ಹೋದಳು. ಬೀಳುವ ಮನೆಯನ್ನು ಪಾಪ ಹುಡುಗ ತಲೆಯ ಮೇಲೆ ಹಾಕಿಕೊಂಡನಲ್ಲ ಎಂದು ಅವನಿಗಾಗಿ ಕಣ್ಣೊರೆಸಿಕೊಂಡಳು ಬೇರೆ.

ಬಣ್ಣ ಬಳಿದಾಯಿತು, ಅಡುಗೆಮನೆಗೆ ಹೊಸ ಟೈಲ್ಸ್ ಬಂತು. ನೋಡಿದವರೆಲ್ಲ ಮೆಚ್ಚಿದರು, ಒಬ್ಬರೂ ಮತ್ತೆ ಬರಲಿಲ್ಲ. ಕೊನೆಗೆ ದಲ್ಲಾಳಿ ಬಾಯಿಬಿಟ್ಟ.

"ನಿಮ್ಮ ದೊಡ್ಡಮ್ಮ ಬಂದವರನ್ನೆಲ್ಲ ನಿಲ್ಲಿಸಿ, ಪಾಯ ಕುಸೀತಿದೆ, ಮಕ್ಕಳನ್ನ ಕಟ್ಕೊಂಡು ಬರ್ಬೇಡಿ ಅಂತಿದಾರೆ. ನಮ್ಮ ಹುಡುಗನೇ ಪರೀಕ್ಷೆ ಮಾಡಿದ್ದು ಅಂತಾರೆ."

ಅವನು ಇದ್ದ ಉಳಿತಾಯವನ್ನೆಲ್ಲ ಆ ಗೋಡೆಗಳಿಗೆ ಸುರಿದಿದ್ದ. ಅಂದು ಹೇಳಿದ್ದು ಸುಳ್ಳು ಎನ್ನುವಂತೆಯೂ ಇರಲಿಲ್ಲ. ಮುಂದಿನ ಸಲ ಗಂಡಹೆಂಡಿರಿಬ್ಬರು ಮನೆ ನೋಡಲು ಬಂದು ದೊಡ್ಡಮ್ಮ ಮಾತು ಶುರುಮಾಡಿದಾಗ, ಆಕೆಯ ಹೆಗಲ ಮೇಲೆ ಅಕ್ಕರೆಯಿಂದ ಕೈಯಿಟ್ಟ.

"ತಪ್ಪು ತಿಳ್ಕೋಬೇಡಿ. ವಯಸ್ಸಾಯ್ತು, ಇವರ ತಲೆ ಸ್ವಲ್ಪ ಸರಿ ಇಲ್ಲ. ಇಲ್ಲದ್ದೆಲ್ಲ ಹೇಳ್ತಾರೆ."

ದೊಡ್ಡಮ್ಮ ಅವನ ಮುಖ ನೋಡಿದಳು. ರಂಪವಾದೀತೆಂದು ಅವನು ಅಂದುಕೊಂಡಿದ್ದ. ಆಕೆ ತಿರುಗಿ ತನ್ನ ಬಾಡಿಗೆ ಕೋಣೆಗೆ ಹೋದಳು.

ಮನೆ ಮಾರಾಟವಾಯಿತು, ಅಂದಾಜಿಗಿಂತ ಒಂದು ಕೈ ಹೆಚ್ಚೇ ಬಂತು. ಬೀಗದ ಕೈ ಕೊಟ್ಟು ಅವನು ಹಿಂದಿರುಗುವಾಗ ದೊಡ್ಡಮ್ಮ ಗೋಡೆ ಹಿಡಿದುಕೊಂಡು ರಸ್ತೆಗಿಳಿಯುತ್ತಿದ್ದಳು.

"ಎಲ್ಲಿಗೆ ಹೊರಟೆ?"

"ಡಾಕ್ಟರ ಹತ್ರ. ತಲೆಗೆ ತೋರಿಸ್ಬೇಕಲ್ಲಪ್ಪ. ನಂಗಂತೂ ಏನೂ ಅನ್ನಿಸ್ತಿಲ್ಲ. ಆದ್ರೆ ನೀನು ನೋಡಿ ಹೇಳಿದ್ಮೇಲೆ ಇದ್ದೇ ಇರುತ್ತೆ."

ಇಲ್ಲ ಎನ್ನಲು ಒಂದೇ ಮಾತು ಸಾಕಿತ್ತು. ಆದರೆ ಮನೆ ಕೊಂಡವರು ಇನ್ನೂ ಬಾಗಿಲಲ್ಲೇ ನಿಂತಿದ್ದರು.

"ಹುಷಾರಾಗಿ ಹೋಗಿ ಬಾ ದೊಡ್ಡಮ್ಮ" ಎಂದ.