ಅಸುರನ ಎಡತುಟಿ

ನನ್ನ ಮೈದುನ ಕರುಣಾಕರ ನೋಡಲು ಚೆಂದದ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂದು ಇಡೀ ಮಳೆಗಾಲ ಆ ಮುಖವನ್ನು ನಾನು ಮಣ್ಣಿನಲ್ಲಿ ಮಾಡಿದ್ದೇನೆ, ಮುರಿದಿದ್ದೇನೆ, ಮತ್ತೆ ಮಾಡಿದ್ದೇನೆ. ಅವನ ಹೆಂಡತಿಗಿಂತ ನನಗೆ ಆ ಮುಖ ಚೆನ್ನಾಗಿ ಗೊತ್ತು. ಅಗಲ ಹಣೆ, ನೇರ ಮೂಗು, ಗಲ್ಲದಲ್ಲಿ ಸಣ್ಣ ಗುಳಿ. ಇಷ್ಟು ಒಳ್ಳೆಯ ಮುಖ ಇಟ್ಟುಕೊಂಡು ಅವನು ನನ್ನ ಮಗಳನ್ನು ನನ್ನಿಂದ ದೂರ ಮಾಡಿದ.

ನನ್ನ ಹೆಸರು ಸ್ವರ್ಣಲತಾ, ಊರು ಕಾಪು, ಕಸುಬು ಪೋಕರ್. ಹೆಂಗಸೊಬ್ಬಳು ಇಸ್ಪೀಟು ಆಡಿ ಬದುಕುತ್ತಾಳೆ ಎಂದರೆ ಜನ ಹುಬ್ಬು ಏರಿಸುತ್ತಾರೆ. ಏರಿಸಲಿ. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಕಾಣುವ ಐದು ಎಲೆ, ಅಷ್ಟೇ ಆಟ. ಎಲೆ ಒಳ್ಳೆಯದಿದ್ದರೆ ಸಾಲದು, ಕೆಟ್ಟದಿದ್ದರೆ ಮುಗಿಯಿತೆಂದೂ ಅಲ್ಲ. ಎದುರಿನವನು ಸುಳ್ಳು ಹೇಳುತ್ತಿದ್ದಾನೋ ನಿಜವೋ ಎಂದು ತಿಳಿಯಬೇಕು. ಮಸ್ಕತ್‌ನಲ್ಲಿ ನಮ್ಮವರ, ಅಂದರೆ ಗಂಡನ, ಜೊತೆ ಇದ್ದಾಗ ಕಂಪ್ಯೂಟರಿನಲ್ಲಿ ಕಲಿತೆ. ಅಮ್ಮನಿಗೆ ಹುಷಾರಿಲ್ಲವೆಂದು ಮಗಳು ಚೈತಾಲಿಯನ್ನು ಕರೆದುಕೊಂಡು ಕಾಪುವಿಗೆ ಬಂದ ಮೇಲೆ, ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಮೇಲೆ, ಅದೇ ನನ್ನ ಉದ್ಯೋಗವಾಯಿತು. ಅಮೆರಿಕದ ಸಂಜೆ ನಮಗೆ ಬೆಳಗು. ಮಗಳನ್ನು ಶಾಲೆಗೆ ಕಳಿಸಿ ಕುಳಿತರೆ ಮಧ್ಯಾಹ್ನದ ಗಂಜಿಗೆ ಏಳುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೂ ಅಲ್ಲೇ ಉಳಿದೆ. ಅಷ್ಟು ಹೊತ್ತಿಗೆ ನಮ್ಮವರ ಸಂಬಳಕ್ಕಿಂತ ನನ್ನ ಗಳಿಕೆ ಹೆಚ್ಚಾಗಿತ್ತು.

ಕರುಣಾಕರನಿಗೆ ಆಟ ಕಲಿಸಿದವಳು ನಾನೇ. ಕಾರ್ಕಳದ ಗಂಡನ ಮನೆಗೆ ಹೋದಾಗಲೆಲ್ಲ “ಅತ್ತಿಗೆ, ನನಗೂ ಸ್ವಲ್ಪ ಹೇಳಿಕೊಡಿ” ಎಂದು ಹಿಂದೆ ಬೀಳುತ್ತಿದ್ದ. ಪಕ್ಕದಲ್ಲಿ ಕುಳಿತು ಕಲಿಸಿದೆ. ಆಗಲೇ ಒಂದು ಚಾಳಿ ಕಣ್ಣಿಗೆ ಬಿತ್ತು. ಸುಳ್ಳು ಆಡುವಾಗ ಅವನ ಮುಖ ಕಲ್ಲಿನಂತೆ ಇರುತ್ತದೆ, ಆದರೆ ಮೇಜಿನ ಕೆಳಗೆ ಎಡಗೈಯ ಹೆಬ್ಬೆರಳು ಹವಳದ ಉಂಗುರವನ್ನು ತಿರುಗಿಸುತ್ತಾ ಇರುತ್ತದೆ. ಎದುರಿಗೆ ಕುಳಿತವರಿಗೆ ಅದು ಕಾಣುವಂತಿಲ್ಲ. ಅವನಿಗೂ ಗೊತ್ತಿಲ್ಲ. ಹೇಳೋಣವೆಂದುಕೊಂಡೆ, ಯಾಕೋ ಹೇಳಲಿಲ್ಲ. ಹೇಳದಿದ್ದದ್ದು ನನ್ನ ಪುಣ್ಯ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಈ ಕರುಣಾಕರ ಮಸ್ಕತ್‌ಗೆ ಫೋನ್ ಮಾಡಿದ. ಅತ್ತಿಗೆ ಬೆಳಗಾಗೆದ್ದು ಫಾರಿನ್ ಗಂಡಸರ ಜೊತೆ ಚಾಟ್ ಮಾಡುತ್ತಾರೆ, ಮಗು ಹಸಿದುಕೊಂಡು ಶಾಲೆಗೆ ಹೋಗುತ್ತದೆ ಎಂದ. ಆಟದ ಮೂಲೆಯಲ್ಲಿ ಮಾತು ಬರೆಯಲು ಒಂದು ಚೌಕ ಇರುತ್ತದೆ ನಿಜ. ಅದರಲ್ಲಿ ನಾನು ಬರೆದದ್ದು “ಚೆನ್ನಾಗಿ ಆಡಿದಿರಿ” ಎಂಬುದಕ್ಕಿಂತ ಹೆಚ್ಚಿಲ್ಲ. ನಮ್ಮವರು ರಜೆ ಹಾಕಿ ಬಂದರು. ಕಾರ್ಕಳದ ಚಾವಡಿಯಲ್ಲಿ ಎಲ್ಲರೂ ಸೇರಿದರು, ಅತ್ತೆ ಸೆರಗು ಕಚ್ಚಿಕೊಂಡು ಅತ್ತರು. ನಾನು ಸುಳ್ಳು ಎಂದೆ. ಕರುಣಾಕರ ನಕ್ಕುಬಿಟ್ಟ.

“ಸುಳ್ಳು ಹೇಳುವುದೇ ಅತ್ತಿಗೆಯ ಕೆಲಸ ಅಲ್ವಾ? ಅವರ ಮಾತು ನಂಬುವುದು ಹೇಗೆ?”

ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಅಜ್ಜಿಯ ಕಾಲದಿಂದ ಬಂದ ಮಾತು. ಆ ಮಾತನ್ನೂ ಎತ್ತಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮವರು ಚೈತಾಲಿಯನ್ನು ಮಸ್ಕತ್‌ಗೆ ಕರೆದುಕೊಂಡು ಹೊರಟರು. ಹೊರಡುವಾಗ ಎಲ್ಲರ ಎದುರು ಒಂದು ಮಾತು ಹೇಳಿದರು: “ಕರುಣಾಕರ ತಾನು ಹೇಳಿದ್ದು ಸುಳ್ಳು ಎಂದು ತನ್ನ ಬಾಯಿಂದ ಒಮ್ಮೆ ಹೇಳಲಿ, ಆ ದಿನವೇ ಮಗಳನ್ನು ಕಳಿಸುತ್ತೇನೆ.”

ಆಮೇಲಿನ ದಿನಗಳಲ್ಲಿ ನಾನು ಆಡಿದ್ದು ಆಟವಲ್ಲ. ಪರದೆಯ ಮೇಲಿನ ಪ್ರತಿ ಅಪರಿಚಿತನೂ ನನಗೆ ಕರುಣಾಕರನೇ. ಬಿಡಬೇಕಾದ ಎಲೆ ಬಿಡುತ್ತಿರಲಿಲ್ಲ, ನಂಬಬೇಕಾದವನನ್ನು ನಂಬುತ್ತಿರಲಿಲ್ಲ. ಮೌಸಿನ ಮೇಲೆ ಬೆರಳು ನಡುಗುತ್ತಿತ್ತು. ಊಟ ಸೇರುತ್ತಿರಲಿಲ್ಲ, ಆದರೂ ಏಳುತ್ತಿರಲಿಲ್ಲ. ಮಣಿಪಾಲದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆ. “ನಿಮ್ಮ ತಲೆ ಸುಟ್ಟುಹೋಗಿದೆ. ಕೈಗೆ ಬೇರೆ ಎಂತಾದರೂ ಕೆಲಸ ಕೊಡಿ. ಚಿತ್ರವೋ ಕಸೂತಿಯೋ, ಗೆಲುವು ಸೋಲು ಇಲ್ಲದ್ದು. ಹೀಗೇ ಹೋದರೆ ಆಟವೂ ಉಳಿಯುವುದಿಲ್ಲ, ನೀವೂ ಉಳಿಯುವುದಿಲ್ಲ” ಎಂದರು ಅವರು.

ಕಾಪು ಪೇಟೆಯ ಹಿಂದೆ ರಾಚವ್ವ ಎಂಬವರ ಶೆಡ್ ಇತ್ತು. ಗದಗದ ಕಡೆಯಿಂದ ಬಂದವರು, ಚೌತಿಗೆ ಗಣಪತಿ, ನವರಾತ್ರಿಗೆ ದೇವಿ ಮಾಡಿ ಕೊಡುವವರು. ನಾಲಿಗೆ ಜೋರು, ಕೈ ಇನ್ನೂ ಜೋರು. ಕಲಿಸುತ್ತೀರಾ ಎಂದು ಕೇಳಿದೆ. ಒಂದು ಮುದ್ದೆ ಜೇಡಿಮಣ್ಣು ಮುಂದಿಟ್ಟು ನಾದಲು ಹೇಳಿದರು. ನಾನು ಅದನ್ನು ಹಲಗೆಯ ಮೇಲೆ ಎತ್ತಿ ಎತ್ತಿ ಬಡಿದೆ.

“ಏನ್ರಿ ಅಕ್ಕಾರ, ಆ ಮಣ್ಣು ನಿಮಗೇನು ಮಾಡೇತ್ರಿ?” ಎಂದರು ರಾಚವ್ವ.

“ಮಣ್ಣಲ್ಲ, ಒಬ್ಬ ಮನುಷ್ಯ ಮಾಡಿದ್ದು.”

“ಹಂಗಾದ್ರ ಅವನ ಮುಖಾನ ಮಾಡ್ರಿ. ಮಾಡಿ ಬಡೀರಿ. ಮಣ್ಣು ಹದಾ ಆಕ್ಕೈತಿ, ನಿಮಗೂ ನಿದ್ದಿ ಬರ್ತೈತಿ.”

ತಮಾಷೆಗೆ ಹೇಳಿದ್ದು. ನಾನು ಹಾಗೆಯೇ ಮಾಡಿದೆ. ಹೊರಗೆ ಮಳೆ ಸುರಿಯುವಷ್ಟು ದಿನ ಒಳಗೆ ಕರುಣಾಕರನ ತಲೆಗಳು ಹುಟ್ಟಿದವು, ಸತ್ತವು. ಮೊದಮೊದಲು ಅವು ಕುಂಬಳಕಾಯಿಯಂತಿದ್ದವು. ಬರಬರುತ್ತಾ ಹಣೆ ಬಂತು, ಮೂಗು ಬಂತು, ಗಲ್ಲದ ಗುಳಿಯನ್ನು ಕಿರುಬೆರಳಿನಿಂದ ಒತ್ತಿದಾಗ ನನಗೇ ಮೈ ಜುಮ್ಮೆಂದಿತು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಕೈ ನಡುಗುವುದು ನಿಂತಿತು, ಹಸಿವು ಬಂತು, ಬೆಳಗಿನ ಆಟದಲ್ಲಿ ಮತ್ತೆ ತಲೆ ತಣ್ಣಗೆ ಕುಳಿತುಕೊಂಡಿತು. ಸಿಟ್ಟು ಮಾತ್ರ ಹೋಗಲಿಲ್ಲ. ಹೋಗುವುದು ನನಗೂ ಬೇಕಿರಲಿಲ್ಲ.

ಚೌತಿ ಕಳೆದ ಮೇಲೆ ಒಂದು ದಿನ ಶೆಡ್ಡಿನ ಮುಂದೆ ಕಾರು ನಿಂತಿತು. ಇಳಿದವನು ಕರುಣಾಕರ. ಅವರ ಬೀದಿಯ ನವರಾತ್ರಿ ಸಮಿತಿಗೆ ಅವನೇ ಆ ವರ್ಷದ ಅಧ್ಯಕ್ಷ, ಅಸುರನನ್ನು ಮೆಟ್ಟಿ ನಿಂತ ದುರ್ಗೆಯ ಮೂರ್ತಿ ಬೇಕೆಂದು ಹೇಳಲು ಬಂದಿದ್ದ. ಮೊಣಕೈವರೆಗೆ ಕೆಸರಾಗಿದ್ದ ನನ್ನನ್ನು ನೋಡಿ ಕಣ್ಣರಳಿಸಿದ.

“ಓಹೋ ಅತ್ತಿಗೆ! ಇಸ್ಪೀಟು ಬಿಟ್ಟು ಮಣ್ಣಿಗೆ ಇಳಿದದ್ದಾ? ಒಳ್ಳೆಯದಾಯಿತು ಬಿಡಿ. ಅಣ್ಣನಿಗೆ ಹೇಳುತ್ತೇನೆ, ಖುಷಿಪಡುತ್ತಾನೆ.”

ನಾನು ಒದ್ದೆ ಗೋಣಿಯನ್ನು ಎಳೆದು ಮೂಲೆಯಲ್ಲಿದ್ದ ಅವನದೇ ತಲೆಯನ್ನು ಮುಚ್ಚಿದೆ. “ಹೇಳು” ಎಂದೆ.

ಅವನು ಹೋದ ಮೇಲೆ ರಾಚವ್ವ ಗೋಣಿ ಎತ್ತಿ ಒಮ್ಮೆ ನೋಡಿದರು, ರಸ್ತೆಯ ಕಡೆ ಒಮ್ಮೆ ನೋಡಿದರು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಗಳ ವಿಷಯ ಅವರಿಗೆ ಗೊತ್ತಿತ್ತು. “ದೇವೀನ ನಾ ಮಾಡ್ತೀನಿ. ರಾಕ್ಷಸ ನಿಮ್ಮ ಪಾಲಿಗೆ ಇರ್ಲಿ” ಎಂದರು.

ಅವನ ಮುಖವನ್ನು ಅಸುರನಿಗೆ ಅಂಟಿಸಿ ಊರವರನ್ನು ನಗಿಸುವುದು ನನಗೆ ಸಾಲದು. ನಗು ಎರಡು ದಿನದ್ದು, ನನಗೆ ಬೇಕಾದದ್ದು ಚೈತಾಲಿ. ಅವನನ್ನು ಮೇಜಿಗೆ ಕೂರಿಸಿ ಸೋಲಿಸಬೇಕು, ಸೋತವನ ಬಾಯಿಂದ ನಿಜ ಕಕ್ಕಿಸಬೇಕು. ಕಾಣಬೇಕಾದ ಆ ಎಡಗೈ ಮಾತ್ರ ಮೇಜಿನ ಕೆಳಗೆ ಇರುತ್ತದೆ. ಅದನ್ನು ಮೇಲೆ ತರುವುದು ಹೇಗೆ?

ಅಸುರನ ಎಡತುಟಿಯನ್ನು ಮಾಡುವಾಗ ದಾರಿ ಹೊಳೆಯಿತು. ತುಟಿಯ ಎಡ ಕೊನೆಯನ್ನು ಮೇಲಕ್ಕೆ ಎಳೆದೆ, ಒಂದು ಹಲ್ಲು ಕಾಣುವಷ್ಟು. ಕಳ್ಳತನದಲ್ಲಿ ಸಿಕ್ಕಿಬಿದ್ದವನ ನಗು. ಕರುಣಾಕರ ಜನ್ಮದಲ್ಲಿ ಹಾಗೆ ನಗುವವನಲ್ಲ. ಆದರೆ ಸುಳ್ಳು ಆಡುವಾಗಿನ ತನ್ನ ಮುಖವನ್ನು ಯಾವ ಆಟಗಾರನೂ ನೋಡಿರುವುದಿಲ್ಲ. ಉಳಿದದ್ದೆಲ್ಲ ತದ್ರೂಪ ಇದ್ದರೆ, ಆ ತುಟಿಯೂ ತನ್ನದೇ ಎಂದು ಅವನು ನಂಬಿಯೇ ನಂಬುತ್ತಾನೆ. ದೇವಿಯ ಪಾದ ಮುಟ್ಟಿ ತಪ್ಪಾಯಿತೆಂದು ಹೇಳಿಕೊಂಡೆ. ಅಸುರನಿಗೆ ಯಾರದ್ದಾದರೂ ಒಂದು ಮುಖ ಬೇಕೇ ಬೇಕಲ್ಲ.

ಲಾರಿ ಬರುವ ಬೆಳಿಗ್ಗೆವರೆಗೂ ಅಸುರನ ಮೇಲಿನ ಬಟ್ಟೆ ತೆಗೆಯಲಿಲ್ಲ. ರಾಚವ್ವ ಸ್ನಾನ ಮಾಡಿ ಬಂದು ದೇವಿಗೆ ಕಣ್ಣು ಬರೆದರು. ಮೂರ್ತಿಗೆ ಕೊನೆಯ ಕೆಲಸ ಅದು. ಅದಾದ ಮೇಲೆ ಬಟ್ಟೆ ಸರಿಸಿದೆವು. ಲಾರಿಯ ಜೊತೆ ಬಂದಿದ್ದ ಸಮಿತಿಯವರು ಒಮ್ಮೆ ಅಸುರನನ್ನು, ಒಮ್ಮೆ ಅಧ್ಯಕ್ಷರನ್ನು ನೋಡಿದರು. ಯಾರೋ ಕೆಮ್ಮಿದರು.

“ಇದೆಂತದು?” ಕರುಣಾಕರನ ಧ್ವನಿ ಏರಿತು. “ಆ ಮುಖ ಬದಲಾಯಿಸಿ ಕೊಡಿ. ಈಗಲೇ.”

“ಕಣ್ಣು ಬರದಾತ್ರಿ ಸಾಹೇಬ್ರ,” ಎಂದರು ರಾಚವ್ವ, ಕೈ ಒರೆಸಿಕೊಳ್ಳುತ್ತಾ. “ತಾಯಿ ಕಣ್ಣು ತೆರದ ಮ್ಯಾಲೆ ಮೂರ್ತಿಗೆ ಕೈ ಹಚ್ಚಿ ತಿದ್ದಂಗಿಲ್ಲ. ನಿಮಗ ಗೊತ್ತಿಲ್ಲೇನು?”

ಗೊತ್ತಿತ್ತು. ಸಮಿತಿಯವರಿಗೂ ಗೊತ್ತಿತ್ತು. ಹಬ್ಬ ಬಾಗಿಲಲ್ಲಿತ್ತು, ಬೇರೆ ಮೂರ್ತಿ ಸಿಗುವಂತಿರಲಿಲ್ಲ. ತನ್ನ ಮುಖ ಹೊತ್ತ ಅಸುರನನ್ನು ಅವನು ತಾನೇ ಹೆಗಲು ಕೊಟ್ಟು ಲಾರಿಗೆ ಏರಿಸಿದ. ಹಬ್ಬ ಮುಗಿಯುವವರೆಗೆ ಪ್ರತಿ ಮಂಗಳಾರತಿಗೂ ಅದರ ಎದುರು ಕೈಮುಗಿದು ನಿಂತ. ಅವನ ಜೊತೆ ಭಾನುವಾರ ಇಸ್ಪೀಟು ಆಡುವ ಕೆಮ್ಮಣ್ಣು ಊರಿನ ಡೊಮಿನಿಕ್ ನನಗೆ ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಡೊಮಿನಿಕ್ ಬಾರ್ ಇಟ್ಟವರು, ಅವರ ಬಾಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ.

“ಸ್ವರ್ಣಲತಾ ಬಾಯಿ, ನಿಮ್ಮ ಮೈದುನ ಕೇಳುತ್ತಾನೆ, ಆಡುವಾಗ ನನ್ನ ತುಟಿ ಹಾಗೆ ಏಳುತ್ತದಾ ಅಂತ! ನಾನೂ ಬಿಡಲಿಲ್ಲ, ಯಾವಾಗಲೂ ಏಳುತ್ತದೆ ಮಾರಾಯ, ನಿನಗೇ ಗೊತ್ತಿಲ್ವಾ ಅಂದೆ. ಈಗ ಊಟಕ್ಕೆ ಕೂತರೂ ಬಾಯಿಗೆ ಕೈ ಅಡ್ಡ ಇಡುತ್ತಾನೆ.”

“ಯಾವ ಕೈ?”

“ಎಡಗೈ. ಯಾಕೆ?”

“ಸುಮ್ಮನೆ ಕೇಳಿದೆ” ಎಂದೆ. ಫೋನ್ ಇಟ್ಟು ಒಬ್ಬಳೇ ಜೋರಾಗಿ ನಕ್ಕೆ. ಬೇಸಿಗೆಯ ನಂತರ ನಾನು ನಕ್ಕದ್ದು ಅದೇ ಮೊದಲು.

ಮುಂದಿನ ಭಾನುವಾರ ಮಧ್ಯಾಹ್ನ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದ ಆ ಮನೆಗೆ ಹೋದೆ. ಚಾವಡಿಯಲ್ಲಿ ಕರುಣಾಕರ, ಡೊಮಿನಿಕ್ ಎಲೆ ಹಂಚಿಕೊಂಡು ಕುಳಿತಿದ್ದರು. ಪಣಕ್ಕೆ ಬಿಲ್ಲೆಗಳ ಬದಲು ಅತ್ತೆಯ ಚೆನ್ನೆಮಣೆಯ ಕೆಂಪು ಬೀಜಗಳು. ನಾನು ಕುರ್ಚಿ ಎಳೆದುಕೊಂಡೆ.

“ನನಗೂ ಹಂಚು. ಹಣ ಬೇಡ. ನಾನು ಸೋತರೆ ಇನ್ನು ಎಲೆ ಮುಟ್ಟುವುದಿಲ್ಲ, ಅತ್ತೆಯ ಮುಂದೆ ಆಣೆ ಇಡುತ್ತೇನೆ. ನೀನು ಸೋತರೆ ಇಲ್ಲಿಂದಲೇ ಮಸ್ಕತ್‌ಗೆ ಫೋನ್ ಮಾಡಿ, ಹೇಳಿದ್ದು ಸುಳ್ಳು ಎಂದು ಹೇಳಬೇಕು.”

ಅವನು ಹಿಂದೆ ಮುಂದೆ ನೋಡಿದ. “ಹೆದರಿಕೆಯಾ?” ಎಂದರು ಡೊಮಿನಿಕ್. ಅಷ್ಟು ಸಾಕಾಯಿತು.

ಕುಳಿತ ಕ್ಷಣದಿಂದ ಅವನ ಎಡಗೈ ಬಾಯಿಯ ಮೇಲೆ. ನಾಲ್ಕು ಬೆರಳು ತುಟಿ ಮುಚ್ಚಿದ್ದವು, ಹವಳದ ಉಂಗುರ ನನ್ನ ಕಣ್ಣಿಗೆ ನೇರ. ಎಲೆ ಒಳ್ಳೆಯದಿದ್ದಾಗ ಉಂಗುರ ಅಲುಗುತ್ತಿರಲಿಲ್ಲ. ನಾನು ತೆಪ್ಪಗೆ ಎಲೆ ಎಸೆಯುತ್ತಿದ್ದೆ. ಹೆಬ್ಬೆರಳು ಮೆಲ್ಲಗೆ ಬಂದು ಉಂಗುರ ತಿರುಗಿಸಿದಾಗ ಬೀಜಗಳನ್ನು ಗುಡಿಸಿಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಡೊಮಿನಿಕ್ ತಮ್ಮ ಬೀಜ ಮುಗಿಸಿ ಕುರ್ಚಿ ಹಿಂದಕ್ಕೆ ತಳ್ಳಿದರು. ಅತ್ತೆ ಚಹಾದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

ಕೊನೆಯ ಆಟದಲ್ಲಿ ಮೇಜಿನ ಮೇಲಿನ ಐದು ಎಲೆಗಳಲ್ಲಿ ನಾಲ್ಕು ಆಟೀನು, ಕೆಂಪು ಹೃದಯದ ಎಲೆಗಳು. ಒಂದೇ ಜಾತಿಯ ಐದು ಎಲೆ ಸೇರಿದರೆ ಯಾವ ಜೋಡಿಗಿಂತಲೂ ದೊಡ್ಡದು, ಅವನ ಕೈಯಲ್ಲಿ ಒಂದೇ ಒಂದು ಆಟೀನು ಇದ್ದರೂ ನಾನು ಸತ್ತೆ. ನನ್ನ ಕೈಯಲ್ಲಿದ್ದದ್ದು ಎರಡು ಕಪ್ಪು ಒಂಬತ್ತು. ಕರುಣಾಕರ ಉಳಿದ ಬೀಜಗಳನ್ನೆಲ್ಲ ಬಲಗೈಯಿಂದ ಮುಂದೆ ತಳ್ಳಿದ. ಕಣ್ಣು ಮಿಟುಕಿಸಲಿಲ್ಲ. ಮುಖದಲ್ಲಿ ಹೆದರಿಕೆಯ ಸುಳಿವೂ ಇಲ್ಲ. ಎಡಗೈಯ ಹೆಬ್ಬೆರಳು ಮಾತ್ರ ಹವಳವನ್ನು ಒಂದು ಸುತ್ತು ತಿರುಗಿಸಿತು, ಇನ್ನೊಂದು ಸುತ್ತು ತಿರುಗಿಸಿತು.

“ತೋರಿಸು” ಎಂದೆ.

ಒಂದು ಕಪ್ಪು ರಾಜ, ಒಂದು ಕಪ್ಪು ಆರು, ಒಂದು ಜೋಡಿಯೂ ಇಲ್ಲ. ಡೊಮಿನಿಕ್ ಮೇಜು ಬಡಿದರು.

“ಹೇಗೆ ಗೊತ್ತಾಯಿತು?” ಎಂದ ಕರುಣಾಕರ. “ನಾನು ತುಟಿ ಮುಚ್ಚಿಕೊಂಡಿದ್ದೆನಲ್ಲ!”

“ಫೋನ್ ತೆಗೆ. ಸ್ಪೀಕರ್ ಹಾಕು.”

ಅಣ್ಣ ತಮ್ಮಂದಿರ ಮಾತು ತುಳುವಿನಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ಕರುಣಾಕರನ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಆ ಬೆವರನ್ನು ನಾನು ಹಬ್ಬದ ಊಟದ ಹಾಗೆ ಸವಿದೆ.

“ಅಣ್ಣಾ, ಅತ್ತಿಗೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ನಾನು ಹೇಳಿದ್ದು ಸುಳ್ಳು.”

ಆ ಕಡೆಯಿಂದ ನಮ್ಮವರ ಧ್ವನಿ ಬಂತು, ಸಣ್ಣ ಸಿಡುಕಿನೊಂದಿಗೆ. “ಎಂತ ಮಾರಾಯ ನಿನ್ನ ಕಥೆ? ಸುಳ್ಳು ಅಂತ ನನಗೆ ಗೊತ್ತಿಲ್ವಾ? ಹಾಗೆ ಹೇಳು ಅಂದದ್ದೇ ನಾನಲ್ವಾ? ಹೆಂಡತಿ ನನಗಿಂತ ಹೆಚ್ಚು ದುಡಿಯುತ್ತಾಳೆ ಅಂತ ಜನ ಆಡಿಕೊಳ್ಳುವುದನ್ನು ಕೇಳಿಕೊಂಡು ಇರಬೇಕಿತ್ತಾ ನಾನು? ನಿನಗೆ ಇಲ್ಲಿಗೆ ಬರಲು ವೀಸಾ ಬೇಕೋ ಬೇಡವೋ?”

ಅತ್ತೆಯ ಕೈಯ ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ನಾನು ಒಂದು ಇಡೀ ಮಳೆಗಾಲ ತಪ್ಪು ಮುಖವನ್ನು ಮಾಡಿದ್ದೆ, ಮುರಿದಿದ್ದೆ. ಆದರೆ ಕೈ ನಡುಗಲಿಲ್ಲ. ಮಣ್ಣು ಹಿಡಿದು ಹದಗೊಂಡ ಕೈ ಅದು.

ಗಂಡನ ಹೆಸರು ಬಾಯಲ್ಲಿ ಎತ್ತಬಾರದೆಂದು ಮದುವೆಯ ದಿನ ಅತ್ತೆಯೇ ನನಗೆ ಹೇಳಿಕೊಟ್ಟಿದ್ದರು. ಅಂದಿನಿಂದ ಒಮ್ಮೆಯೂ ಎತ್ತಿರಲಿಲ್ಲ. ಫೋನನ್ನು ಹತ್ತಿರಕ್ಕೆ ಎಳೆದುಕೊಂಡೆ.

“ಭುಜಂಗಾ” ಎಂದೆ.

“ಯಾರು, ನೀನಾ?” ಎಂದ ಆ ಕಡೆಯಿಂದ.

“ಸ್ಪೀಕರ್ ಹಾಕಿದೆ, ಭುಜಂಗ. ನಿನ್ನ ಅಮ್ಮ ಇಲ್ಲೇ ಇದ್ದಾರೆ. ಡೊಮಿನಿಕ್ ಇದ್ದಾರೆ, ನಾಳೆ ಅವರ ಬಾರಿಗೆ ಬರುವವರೆಲ್ಲ ಇದನ್ನು ಕೇಳುತ್ತಾರೆ. ನೀನೇ ಹೇಳಿದ ಮಾತು, ತಮ್ಮ ಬಾಯಿ ಬಿಟ್ಟ ದಿನವೇ ಮಗಳನ್ನು ಕಳಿಸುತ್ತೇನೆ ಎಂದು. ಇವತ್ತೇ ಟಿಕೆಟ್ ಮಾಡು.”

ಅವನು ಏನೋ ಹೇಳಲು ಹೊರಟ. ಅತ್ತೆ ತಟ್ಟೆಯನ್ನು ಕೆಳಗಿಟ್ಟು ಬಂದರು. “ಮಗುವನ್ನು ಕಳಿಸು, ಭುಜಂಗ” ಎಂದಷ್ಟೇ ಹೇಳಿ ಫೋನನ್ನು ಅವರೇ ಕಟ್ ಮಾಡಿದರು.

ಚೈತಾಲಿ ಆ ವಾರವೇ ಬಂದಳು. ಭುಜಂಗ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಕರುಣಾಕರನಿಗೆ ವೀಸಾ ಆಗಲಿಲ್ಲ. ಬೆಳಗಿನ ಹೊತ್ತು ನಾನು ಆಡುತ್ತೇನೆ, ಮಧ್ಯಾಹ್ನ ಶೆಡ್ಡಿಗೆ ಹೋಗುತ್ತೇನೆ, ಶಾಲೆ ಬಿಟ್ಟ ಮೇಲೆ ಮಗಳೂ ಅಲ್ಲಿಗೇ ಬರುತ್ತಾಳೆ. ಮರುವರ್ಷ ನವರಾತ್ರಿಗೆ ಬೇರೆ ಸಮಿತಿಯವರು ದುರ್ಗೆಯ ಮೂರ್ತಿ ಕೇಳಿದಾಗ ರಾಚವ್ವ ನನ್ನ ಮುಖ ನೋಡಿ, ಈ ಸಲ ರಾಕ್ಷಸ ಯಾರು ಎಂದು ನಕ್ಕರು. ನಾನು ನಗಲಿಲ್ಲ. ಮೂಗು ನನಗೆ ನೆನಪಿತ್ತು, ಹುಬ್ಬೂ ನೆನಪಿತ್ತು. ಕಿವಿಯ ಹತ್ತಿರ ಅನುಮಾನ ಬಂದಾಗ ಚೈತಾಲಿಯನ್ನು ಕರೆದು, ಅವಳ ಕೂದಲು ಸರಿಸಿ, ಅಪ್ಪನದೇ ಅಚ್ಚಿನಂತಿದ್ದ ಅವಳ ಕಿವಿಯನ್ನೇ ನೋಡಿಕೊಂಡು ಮಾಡಿದೆ.