ನಡುನೀರಿನ ಮೌನವ್ರತ

ನನ್ನ ಗಂಡ ಬಿಚ್ಚಿ ಮರುಜೋಡಿಸಿದ ದೋಣಿಯ ಎಂಜಿನ್‌ಗೆ ದಡದಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಹಗ್ಗ ಎಳೆದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಆರ್ಭಟಿಸುತ್ತಿತ್ತು. ನದಿಯ ಮಧ್ಯಕ್ಕೆ ಬಂದ ಮೇಲೆ ಕೆಮ್ಮಿ, ಸೀನಿ, ಮೌನವ್ರತ ಹಿಡಿಯುತ್ತಿತ್ತು.

ದೋಣಿ ನಡೆಸುವವಳು ನಾನು. ಆಚೆ ದಡದ ಶಾಲೆಯ ಟೀಚರುಗಳನ್ನು ದಾಟಿಸುವುದು ನನ್ನ ಕೆಲಸ. ಕೊನೆಗೆ ಹೆಡ್‌ಮಿಸ್ಸು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟರು: "ನಾಳೆನೂ ನಾವು ಲೇಟಾಗಿ ಹೋದ್ರೆ ಬೇರೆ ದೋಣಿ ನೋಡ್ಕೋತೀವಿ. ಬೇಜಾರು ಮಾಡ್ಕೋಬೇಡಮ್ಮ." ಬೇಜಾರಲ್ಲ, ನನಗೆ ಹೊಟ್ಟೆಪಾಡಿನ ಚಿಂತೆ. ದೋಣಿ ಕೈಬಿಟ್ಟರೆ ಅಣ್ಣನ ಅಂಗಡಿಯಲ್ಲಿ ಈರುಳ್ಳಿ ತೂಗುತ್ತಾ ಅತ್ತಿಗೆಯ ಮುಖ ನೋಡಿಕೊಂಡಿರಬೇಕು.

ಗಂಡನಿಗೆ ಮಾತ್ರ ಅಪರಾಧಿಗಳ ಕೊರತೆಯಿರಲಿಲ್ಲ. ದಿನವೂ ಜೊತೆಗೆ ಬರುತ್ತಿದ್ದ. ಎಂಜಿನ್ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿ, "ಪೆಟ್ರೋಲ್ ಇದೆ" ಎಂದು ಮತ್ತೆ ಮುಚ್ಚುತ್ತಿದ್ದ. ಆಮೇಲೆ ಪ್ಲಗ್ ಬಿಚ್ಚಿ ಊದಿ, ಹಗ್ಗ ಎಳೆದರೆ ಎಂಜಿನ್ ಶುರು. "ನೋಡಿದ್ಯಾ, ಪ್ಲಗ್ಗೇ." ಮರುದಿನ ಪ್ಲಗ್ ಹೊಸದು, ಎಂಜಿನ್ ಮತ್ತೆ ಗಪ್‌ಚಿಪ್. ಆಗ ಕಾರ್ಬುರೇಟರ್ ಕಳ್ಳ. ಅದರ ಮರುದಿನ ಪೈಪು. ಹೆಡ್‌ಮಿಸ್ಸಿನ ಮಾತು ಕೇಳಿದ ಮೇಲೆ ಅವನ ಜಂಬವೆಲ್ಲ ಇಳಿದುಹೋಯಿತು. ಬೆಳಿಗ್ಗೆ ಹೊದಿಕೆಯೊಳಗಿಂದಲೇ, "ನಾನು ಮೆಕ್ಯಾನಿಕ್ಕೇ ಅಲ್ಲ ಬಿಡು" ಎಂದ. ಮೈಸವರಿ ಎಬ್ಬಿಸಲು ನನಗೆ ಪುರುಸೊತ್ತಿರಲಿಲ್ಲ.

ಒಬ್ಬಳೇ ಹೊರಟೆ. ಮಾಮೂಲಿ ಜಾಗದಲ್ಲಿ ಎಂಜಿನ್ ನಿಂತಿತು. ಹೆಡ್‌ಮಿಸ್ಸು ಗಡಿಯಾರ ನೋಡಿಕೊಂಡರು. ಪ್ಲಗ್ ಬಿಚ್ಚಲು ನನಗೆ ಬಾರದು. ಬರುವುದು ಇಣುಕುವುದೊಂದೇ, ಹಾಗಾಗಿ ಮುಚ್ಚಳ ತಿರುಗಿಸಿದೆ. ಟ್ಯಾಂಕು 'ಸ್ಸ್' ಎಂದು ಗಾಳಿ ಎಳೆದುಕೊಂಡಿತು. ಮುಚ್ಚಿ, ಸಿಟ್ಟಿನಲ್ಲಿ ಹಗ್ಗ ಜಗ್ಗಿದೆ. ಎಂಜಿನ್ ಶುರುವಾಯಿತು.

ಏನನ್ನೂ ಊದಿರಲಿಲ್ಲ, ಬರೀ ಮುಚ್ಚಳ ತೆಗೆದಿದ್ದೆ. ಅದರ ಮೇಲೆ ಗಾಳಿ ಹೋಗಲೆಂದು ಪುಟ್ಟದೊಂದು ತಿರುಪು ಇದೆ. ಗಂಡ ಮೊದಲ ದಿನವೇ ಅದನ್ನು ಸಡಿಲಿಸಿ ಮರೆತಿದ್ದ. ಈಗ ನೋಡಿದರೆ ಬಿಗಿಯಾಗಿ ಕೂತಿದೆ. ಗಾಳಿಯಿಲ್ಲದೆ ಪೆಟ್ರೋಲ್ ಇಳಿಯುವುದಾದರೂ ಹೇಗೆ? ಸಡಿಲಿಸಿದೆ. ಗಂಟೆ ಹೊಡೆಯುವ ಮೊದಲೇ ಟೀಚರುಗಳು ಶಾಲೆಯಲ್ಲಿದ್ದರು.

ಟ್ಯಾಂಕು ಸಂಜೆ ಮನೆಗೆ ಬಂದು ಅಡುಗೆಮನೆಯ ಹಿಂದೆ ಇರುತ್ತದೆ. ಆ ಸೀಮೆ ಅತ್ತೆಯದು. ಖಾಲಿ ಪಾತ್ರೆಗೂ ತಟ್ಟೆ ಮುಚ್ಚುವ ಹೆಂಗಸು. ನನಗೆ ಮೈಯೆಲ್ಲ ಉರಿಯಿತು. ಸಂಜೆ ಬಂದವಳೇ, "ತಿರುಪು ಬಿಗಿದಿದ್ದು ನೀವೇನಾ?" ಎಂದೆ.

"ಹೂಂ, ದಿನಾ ಬಿಗೀತೀನಿ. ಪೆಟ್ರೋಲಿಗೆ ನೀರು ಸೇರಿದ್ರೆ? ನಿಮ್ಮಾವನ ದೋಣಿ ಪ್ರವಾಹದಲ್ಲಿ ನಿಂತಿದ್ದು ಹಂಗೇ ತಾನೆ." ಮಾವನ ದೋಣಿ ಸಿಕ್ಕಿತ್ತು, ಮಾವ ಸಿಕ್ಕಿರಲಿಲ್ಲ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡರು. "ಈಗ ಹೋಗೋಳು ನೀನು."

ಮದುವೆಯಾದಾಗಿನಿಂದ ಈ ಬಾಯಿಂದ ನನಗೊಂದು ಒಳ್ಳೆಯ ಮಾತು ಬಂದಿರಲಿಲ್ಲ. ಜಗಳಕ್ಕೆಂದು ಬಂದವಳು ಟ್ಯಾಂಕನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟೆ.

ಅಷ್ಟರಲ್ಲಿ ಗಂಡ ಹೊದಿಕೆ ಹೊದ್ದೇ ಬಂದ. "ಏನಾಯ್ತು, ನಿಲ್ತಾ?"

ಅತ್ತೆ ನನ್ನ ಮುಖ ನೋಡಿದರು. ತಾಯಿಯ ಕೈವಾಡ ಎಂದು ಗೊತ್ತಾದರೆ ಇವನು ಸಾಯುವವರೆಗೂ ಆಡಿಕೊಳ್ಳುತ್ತಾನೆ.

"ನಿಮ್ಮ ಎಂಜಿನ್ ಸರಿಯಾಗೇ ಇದೆ ಕಣ್ರೀ. ಗಾಳಿ ತಿರುಪನ್ನ ನಾನೇ ಬಿಗಿದಿಟ್ಟಿದ್ದೆ," ಎಂದೆ.

ಅವನ ಮುಖ ಅರಳಿತು. ಹೊದಿಕೆ ಕಿತ್ತೆಸೆದು, ಬುದ್ಧಿ ಎಲ್ಲಿಟ್ಟಿದ್ದೆ, ಹೊಸ ಪ್ಲಗ್ ದಂಡವಾಯಿತಲ್ಲ ಎಂದು ಬಾಯಿಗೆ ಬಂದ ಹಾಗೆ ಬೈದ. ಅತ್ತೆಯೂ ಸಿಕ್ಕಿದ್ದೇ ಅವಕಾಶವೆಂದು, "ಅಷ್ಟೂ ಗೊತ್ತಾಗಲ್ವಾ ಇವಳಿಗೆ" ಎಂದು ಸೇರಿಕೊಂಡರು. ನಗು ತಡೆಯಲು ನಾನು ತಲೆ ತಗ್ಗಿಸಿದೆ.

ಮಾರನೆಯ ಬೆಳಿಗ್ಗೆ ಅತ್ತೆ ಎಂದೂ ಬಾರದವರು ನೀರಿನಂಚಿಗೆ ಬಂದರು. ಬಗ್ಗಿ, ತಾವೇ ತಿರುಪು ಸಡಿಲಿಸಿದರು. ನಾನು ಆಚೆ ದಡ ಮುಟ್ಟಿ ತಿರುಗಿ ನೋಡಿದಾಗಲೂ ಅವರು ಅಲ್ಲೇ ನಿಂತಿದ್ದರು.