ನೋಡಲು ಬಂದವರ ಚಾ

ನಮ್ಮ ಕಡೆ ಒಬ್ಬರು ಹಾಸಿಗೆ ಹಿಡಿದರೆ ಸಾಕು, ಬಂಧುಬಳಗವೆಲ್ಲ ನೋಡಲು ಬರುತ್ತದೆ. ಬ್ರೆಡ್ಡು, ಬಾಳೆಹಣ್ಣು ತರುತ್ತದೆ, ಕಣ್ಣೀರು ಹಾಕುತ್ತದೆ, ಚಾ ಕುಡಿದು ಬಸ್ಸು ಹತ್ತುತ್ತದೆ. ತಪ್ಪು ಅನ್ನುತ್ತಿಲ್ಲ, ಪ್ರೀತಿಯಿಂದಲೇ ಬರುತ್ತಾರೆ. ಆದರೆ ಆ ಚಾ ಕಾಸುವವರು ಯಾರು?

ಆದೋನಿಯ ಹತ್ತಿ ವ್ಯಾಪಾರಿ ಮಲ್ಲಯ್ಯನವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ಹೊರಡುತ್ತಿರಲಿಲ್ಲ. ಮಗ ವಾಗೀಶ ದಿನವೆಲ್ಲ ಅಂಗಡಿಯಲ್ಲಿ. ಹಗಲಿನ ಆರೈಕೆಯೆಲ್ಲ ಮಲ್ಲಯ್ಯನವರ ಹೆಂಡತಿ ಪಂಪಮ್ಮನ ಮೇಲೆ ಬಿದ್ದಿತ್ತು.

ಒಂದು ಸೋಮವಾರ ಕೌತಾಳಂನಿಂದ ಮಲ್ಲಯ್ಯನವರ ತಮ್ಮ ತಿಪ್ಪೇಶ ಹೆಂಡತಿಯೊಡನೆ ಬಂದಿದ್ದ. ಮಠದ ಹಿರಿಯರಾದ ರೇವಣಸಿದ್ದಯ್ಯನವರೂ ಬಂದಿದ್ದರು. ಪಡಸಾಲೆಯಲ್ಲಿ ಮಾತು, ಅಡುಗೆಮನೆಯಲ್ಲಿ ಚಾ. ಒಳಕೋಣೆಯಲ್ಲಿ ಮಲ್ಲಯ್ಯ ಒದ್ದೆ ಹಾಸಿಗೆಯ ಮೇಲಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ.

ಪಕ್ಕದ ಮನೆಯ ಈಶ್ವರಿ ನೇರ ಒಳಕೋಣೆಗೆ ಹೋದಳು. ಹಾಸಿಗೆ ಹಿಡಿದ ತನ್ನ ತಾಯಿಯನ್ನು ನೋಡಿಕೊಂಡವಳು ಆಕೆ. ಆಸ್ಪತ್ರೆಯ ನರ್ಸಮ್ಮ ಅವಳಿಗೆ ಎಲ್ಲ ಕಲಿಸಿದ್ದಳು. ಒಂದು ಗಳಿಗೆಯಲ್ಲೇ ಹೊರಬಂದು, ಅಡುಗೆಮನೆಗೆ ಹೋಗಿ ಚಾದ ಗ್ಯಾಸ್ ಬಂದ್ ಮಾಡಿದಳು.

"ಯಾಕವ್ವಾ? ಮಂದಿ ಕುಂತಾರ," ಎಂದರು ಪಂಪಮ್ಮ.

"ಅಕ್ಕಾ, ಮಾವನ ಸೊಂಟ ನೋಡೀರೇನು? ಕೆಂಪಗಾಗೈತಿ. ಒತ್ತಿದ್ರೂ ಆ ಕೆಂಪು ಹೋಗವಲ್ದು. ಹಿಂಗೇ ಬಿಟ್ರ ಗಾಯ ಆಗತೈತಿ. ಆಮ್ಯಾಗ ಮಾಯೋದು ಬಾಳ ಕಷ್ಟ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿ ಮಾಡಬೇಕು."

ಪಂಪಮ್ಮ ಅಲ್ಲೇ ಗೋಡೆಗೆ ಒರಗಿದರು. "ಒಬ್ಬಾಕಿ ಹೆಂಗ ಹೊರಳಿಸ್ಲಿ? ನನ್ನ ಕೈಲಿ ಆಗವಲ್ದು, ಈಶ್ವರಿ."

"ಹೊರಗ ಇಷ್ಟು ಮಂದಿ ಅದಾರಲ್ಲ."

"ನೋಡಾಕ ಬಂದವರಿಗೆ ಕೆಲಸ ಹಚ್ಚೋದಾ? ಗಂಡನ ಸೇವಾ ನನ್ನದು. ದೇವರು ನನಗ ಹಚ್ಚ್ಯಾನ. ಮಂದಿ ಏನಂದಾರು?"

ಈಶ್ವರಿ ದನಿ ಮೃದು ಮಾಡಿದಳು. "ಪ್ರತಿ ಸೋಮವಾರ ಮಠದ ದಾಸೋಹದಾಗ ನೀವು ಅನ್ನ ನೀಡ್ತಿದ್ರಿ. ಯಾರಾದ್ರೂ ಬ್ಯಾಡ ಅಂತ ಎದ್ದು ಹೋಗಿದ್ರ ನಿಮಗ ಹೆಂಗ ಅನಸ್ತಿತ್ತು?"

"ಮನಸ್ಸಿಗೆ ಬ್ಯಾಸರ ಆಗ್ತಿತ್ತು."

"ಮತ್ತ ನಮಗ ಯಾಕ ಬ್ಯಾಡ ಅಂತೀರಿ?"

ಪಂಪಮ್ಮ ಸೆರಗು ಬಾಯಿಗಿಟ್ಟು ಅತ್ತುಬಿಟ್ಟರು. ಎಷ್ಟು ದಿನದಿಂದ ತಡೆದಿದ್ದರೋ ಪಾಪ.

ಪಡಸಾಲೆಗೆ ಎಲ್ಲ ಕೇಳಿಸಿತ್ತು. ರೇವಣಸಿದ್ದಯ್ಯ ಶಾಲು ಮಡಚಿಟ್ಟು ಎದ್ದರು. "ಏಳೋ ತಿಪ್ಪೇಶಾ. ನೋಡಿದ್ದು ಸಾಕು, ಕೈ ಹಚ್ಚೋಣ."

ಈಶ್ವರಿ ತೋರಿಸಿಕೊಟ್ಟಳು: ಮೊದಲು ಮಲಗಿದವರ ಮೊಣಕಾಲು ಮಡಚಬೇಕು. ಆಮೇಲೆ ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ. ಎಳೆದಾಡಬಾರದು, ಮೆಲ್ಲಗೆ ಹೊರಳಿಸಬೇಕು. ಬೆನ್ನಿಗೆ ದಿಂಬು, ಕೆಳಗೆ ಒಣಗಿದ ಬಟ್ಟೆ. ಗಂಡಸರಿಬ್ಬರೂ ಹಾಗೆಯೇ ಹೊರಳಿಸಿದರು, ತಿಪ್ಪೇಶನ ಹೆಂಡತಿ ಹಾಸಿಗೆ ಬದಲಿಸಿದಳು. ಮಲ್ಲಯ್ಯ ಎಡಗೈಯಿಂದ ತಮ್ಮನ ಕೈ ಹಿಡಿದವರು ಬಿಡಲೇ ಇಲ್ಲ. ಅಂದು ಸಂಜೆಯೇ ವಾಗೀಶ ಡಾಕ್ಟರನ್ನು ಕರೆತಂದು ತೋರಿಸಿದ. ಸರಿಯಾದ ಹೊತ್ತಿಗೆ ಕಂಡಿರಿ ಎಂದರು ಡಾಕ್ಟರು.

ಅಂದಿನಿಂದ ನೋಡಲು ಬಂದವರು ಚಾ ಕೇಳಲಿಲ್ಲ. ಒಂದೊಂದು ತಾಸು ಮಲ್ಲಯ್ಯನವರ ಹತ್ತಿರ ಕೂತರು. ಪಂಪಮ್ಮ ಮಧ್ಯಾಹ್ನ ಕಣ್ಣುತುಂಬ ನಿದ್ದೆ ಮಾಡಿದರು. ಸೊಂಟದ ಕೆಂಪು ಇಳಿಯಿತು.

ಮುಂದೊಂದು ಸೋಮವಾರ ಈಶ್ವರಿಯನ್ನು ಮನೆಯಲ್ಲಿ ಕೂರಿಸಿ ಪಂಪಮ್ಮ ಮಠಕ್ಕೆ ಹೋದರು. ರೂಢಿಯಂತೆ ಸೌಟಿಗೆ ಕೈ ಹಾಕಿದರು. ರೇವಣಸಿದ್ದಯ್ಯ ಸೌಟು ಕಸಿದುಕೊಂಡರು. "ಇವತ್ತು ನೀಡಾಕ ಅಲ್ಲವ್ವಾ, ಉಣ್ಣಾಕ ಕುಂದ್ರು." ಪಂಪಮ್ಮ ಪಂಕ್ತಿಯಲ್ಲಿ ಕೂತು ಬಿಸಿ ಅನ್ನ ಉಂಡರು. ಇನ್ನೊಂದು ಸಲ ಬಡಿಸಲು ಬಂದಾಗ ಬೇಡ ಎನ್ನಲಿಲ್ಲ.

ಓದುತ್ತಿರುವವರೇ, ನಾಳೆ ನೀವೂ ಯಾರನ್ನೋ ನೋಡಲು ಹೋಗುತ್ತೀರಿ. ಬಾಳೆಹಣ್ಣು ಒಯ್ಯಿರಿ, ಬೇಡ ಅನ್ನುವುದಿಲ್ಲ. ಮಗ್ಗಲು ಬದಲಿಸಲು ಕೈಜೋಡಿಸಿ, ಹಾಸಿಗೆ ಒಣಗಿದೆಯೇ ನೋಡಿ. ಮೈ ಕೆಂಪಾಗಿದ್ದರೆ ಡಾಕ್ಟರಿಗೆ ತೋರಿಸಲು ಹೇಳಿ. ಹಗಲಿರುಳು ಸೇವೆ ಮಾಡುತ್ತಿರುವ ತಾಯಂದಿರೇ, ನೀವೂ ಸಹಾಯ ಕೇಳಲು ನಾಚಬೇಡಿ.

ಆ ಮನೆಯಾಕೆ ಚಾ ಕಾಸಲು ಎದ್ದರೆ ಕೈ ಹಿಡಿದು ಕೂರಿಸಿ. "ನೀ ಮಲಕ್ಕೋ ಅವ್ವಾ, ನಾ ಇಲ್ಲೇ ಅದೀನಿ" ಅನ್ನಿ. ಅಂದ ಮೇಲೆ ಒಂದು ತಾಸು ಅಲ್ಲೇ ಇರಿ.